ಬೀಸುವ ಕಲ್ಲು, ತಿರುಗುವ ತಟ್ಟೆ

ಕಲಾವಿದರನ್ನು ಕುರಿತು ನಮ್ಮ ಸಮಾಜದ ಮನೆಗಳಲ್ಲಿ ಒಂದು ವಿಚಿತ್ರ ಮನೋಧರ್ಮವಿದೆ. ಮಠದ ಜಾತ್ರೆಯಲ್ಲಿ ಗವಾಯಿಗಳು ಹಾಡಿದರೆ ತಲೆದೂಗುತ್ತೇವೆ, ಶಾಲು ಹೊದಿಸುತ್ತೇವೆ, ಪಾದ ಮುಟ್ಟಿ ನಮಸ್ಕರಿಸುತ್ತೇವೆ. ಅದೇ ನಮ್ಮ ಮನೆಯ ಮಗನೇ ಕಲೆಯೇ ತನ್ನ ಬಾಳು ಎಂದು ಹೊರಟನೋ, ಆ ದಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಂಗಡಿಯೊಂದರ ಗ್ರಾಮಾಫೋನಿನಲ್ಲಿ ಅಬ್ದುಲ್ ಕರೀಂ ಖಾನರ ಕಂಠವನ್ನು ಕೇಳಿ, ಹನ್ನೊಂದು ವರ್ಷದ ಪೋರನಾಗಿ 1933ರಲ್ಲಿ ಗದುಗಿನ ಮನೆ ಬಿಟ್ಟು ಗುರುವನ್ನು ಹುಡುಕುತ್ತ ರೈಲು ಹತ್ತಿದ ಕಥೆಯನ್ನು ನಾವೆಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಆ ರಾತ್ರಿ ಆ ಮನೆಯ ತಂದೆತಾಯಿ ಹೇಗೆ ಕಳೆದಿರಬಹುದೆಂದು ಕೇಳುವವರು ಕಡಿಮೆ.

ಈ ಮಾತನ್ನು ಈಗ ಎತ್ತಲು ಕಾರಣವುಂಟು. ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಸಮಾಜ ಬಾಂಧವರ ಕರೆಯ ಮೇರೆಗೆ, ವಚನ ವ್ಯಾಖ್ಯಾನಕ್ಕೆಂದು 2023ರ ಬೇಸಿಗೆಯಲ್ಲಿ ಹೋಗಿ ಏಳು ವಾರ ಅಲ್ಲಿದ್ದೆವು. ಇಳಿದುಕೊಂಡದ್ದು ನಮ್ಮ ಪ್ರಸಾದ ನಿಲಯದ ಹಳೆಯ ಸಹವಾಸಿಯ ಮನೆಯಲ್ಲಿ. ಅವರು ನಮಗಿಂತ ಮೂರು ವರ್ಷ ಕಿರಿಯರು. ಮಠದ ಒಂದೇ ಪಂಕ್ತಿಯಲ್ಲಿ ಕುಳಿತು, ಭಕ್ತರು ಜೋಳಿಗೆಗೆ ನೀಡಿದ ಕಾಳಿನಿಂದಾದ ರೊಟ್ಟಿಯನ್ನು ಉಂಡು ಬೆಳೆದವರು ನಾವಿಬ್ಬರೂ. ನಾವು ಸಂಸ್ಕೃತ ಪಾಠಶಾಲೆಯಲ್ಲಿ ಉಳಿದೆವು. ಅವರು ಗಣಿತದ ಬೆನ್ನುಹತ್ತಿ ಎಂಜಿನಿಯರರಾಗಿ ಸಮುದ್ರ ದಾಟಿದರು. ನವಲಗುಂದದ ಆಚೆಯ ಅವರ ಹಳ್ಳಿಗೆ ಆಗಿನ್ನೂ ಹಿಟ್ಟಿನ ಗಿರಣಿ ಬಂದಿರಲಿಲ್ಲ. ತಂದೆಯಿಲ್ಲದ ಮನೆ. ತಾಯಿ ಉಳ್ಳವರ ಜೋಳವನ್ನು ಕೂಲಿಗೆ ಬೀಸಿಕೊಟ್ಟು ಈ ಒಬ್ಬ ಮಗನನ್ನು ಓದಿಸಿದರು. ರಜೆಯಲ್ಲೊಮ್ಮೆ ಆ ಊರಿಗೆ ಹೋಗಿದ್ದಾಗ ಬೆಳಗಿನ ಮೂರು ಗಂಟೆಗೆ ಕೇಳಿಬಂದ ಆ ಕಲ್ಲಿನ ಸದ್ದು ನಮಗೆ ಈಗಲೂ ನೆನಪಿದೆ.

ಅವರ ಮನೆ ಶಿವಭಕ್ತಿಯ ಮನೆ. ಹಿಮ ಬೀಳುವ ನಾಡಿನಲ್ಲಿಯೂ ನಸುಕಿನಲ್ಲೆದ್ದು ಇಷ್ಟಲಿಂಗ ಪೂಜೆ ಮುಗಿಸದೆ ಚಹಾ ಕುಡಿಯುವವರಲ್ಲ. ಹೋದ ಮೂರನೆಯ ದಿನ, ಪೂಜೆಯಾದ ಮೇಲೆ ಮೆಲ್ಲನೆ ಬಾಯಿಬಿಟ್ಟರು.

“ಅಣ್ಣಾರ, ನಮ್ಮ ಹುಡುಗಗ ನೀವ ಒಂದ ಮಾತು ಹೇಳಬೇಕ ನೋಡ್ರಿ. ನನ್ನ ಮಾತು ಅವ ಕೇಳೂದ ಬಿಟ್ಟಾನ.”

ಹುಡುಗ ಎಂದರೆ ಮೂವತ್ತೆರಡು ವರ್ಷದವನು. ಕಂಪ್ಯೂಟರ್ ಪದವಿಯನ್ನು ಪಡೆದು, ಎರಡು ವರ್ಷ ನೌಕರಿ ಮಾಡಿ, ಬಿಟ್ಟವನು. ಜೆರ್ಸಿ ಸಿಟಿಯಲ್ಲಿ ಬಟ್ಟೆ ಒಗೆಯುವ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬನೇ ಇರುತ್ತಾನೆ. ಬೆಳಗಿನ ನಾಲ್ಕಕ್ಕೆ ಬ್ರೆಡ್ಡಿನ ಭಟ್ಟಿಯೊಂದರಲ್ಲಿ ಕೆಲಸ, ಮಧ್ಯಾಹ್ನಕ್ಕೆ ಬಿಡುವು. ಮಿಕ್ಕ ಹೊತ್ತಿನಲ್ಲಿ ಅವನು ‘ಪರ್ಫಾರ್ಮೆನ್ಸ್ ಆರ್ಟ್’ ಮಾಡುತ್ತಾನೆ. ಉಳಿದ ಹಣದಲ್ಲಿ 1960ರ ದಶಕದ ‘ಸೈಕೆಡೆಲಿಕ್’ ಸಂಗೀತದ ಹಳೆಯ ಧ್ವನಿಮುದ್ರಿಕೆಗಳನ್ನು ಕೊಳ್ಳುತ್ತಾನೆ. ಈ ಎರಡು ಪದಗಳನ್ನು ಉಚ್ಚರಿಸುವಾಗ ಆ ತಂದೆಯ ಮುಖ ಬೇವು ಅಗಿದಂತಾಗುತ್ತಿತ್ತು. ಮೊದಲನೆಯದು ಅವರಿಗೆ ಅರ್ಥವಾಗಿರಲಿಲ್ಲ; ಎರಡನೆಯದು ಅರ್ಥವಾಗಿದ್ದೇ ಭಯಕ್ಕೆ ಕಾರಣವಾಗಿತ್ತು.

ಹೇಳಬೇಕಾದರೆ ಮೊದಲು ತಿಳಿಯಬೇಕು. ಆದ್ದರಿಂದ ನಾವು ಆ ಹುಡುಗನ ಕೋಣೆಗೆ ಹೋಗಿ ನಾಲ್ಕು ದಿನ ಇದ್ದೆವು. ಅವನಿಗೆ ಸಂತೋಷವೇ ಆಯಿತು. ತಾಯಿಯಿಂದ ಕಲಿತ ಧಾರವಾಡದ ಕನ್ನಡ ಅವನ ನಾಲಿಗೆಯ ಮೇಲೆ ತಡವರಿಸುತ್ತಿದ್ದರೂ ‘ಅಜ್ಜಾರ’ ಎಂದು ಕರೆಯುವಾಗ ಮಾತ್ರ ತಡವರಿಸುತ್ತಿರಲಿಲ್ಲ.

ಅವನ ದಿನಚರಿಯನ್ನು ನೋಡಿ ನಮಗೆ ಮಠದ ಮರಿದೇವರ ದಿನಚರಿ ನೆನಪಾಯಿತೆಂದರೆ ಅತಿಶಯೋಕ್ತಿಯಲ್ಲ. ಭಟ್ಟಿಯಿಂದ ಬಂದು ಸ್ನಾನ ಮಾಡಿ, ತಾನೇ ಬೇಯಿಸಿಕೊಂಡು ಉಂಡು, ಒಂದು ಗಂಟೆ ಮಲಗುತ್ತಾನೆ. ಎದ್ದ ಮೇಲೆ ಧ್ವನಿಮುದ್ರಿಕೆಗಳ ಸೇವೆ. ಸೇವೆಯೆಂದೇ ಹೇಳಬೇಕು. ತಟ್ಟೆಯ ಅಂಚನ್ನು ಮಾತ್ರ ಅಂಗೈಗಳಿಂದ ಹಿಡಿದು, ಮೆತ್ತನೆಯ ಬಟ್ಟೆಯನ್ನು ಭಟ್ಟಿಯಿಳಿಸಿದ ನೀರಿನಲ್ಲಿ ಅದ್ದಿ, ಗೆರೆಯ ಜಾಡಿನಲ್ಲೇ ಸುತ್ತುತ್ತ ಒರೆಸುತ್ತಾನೆ. ಮೇಲೆ ನೂರಾರು ಗೆರೆಗಳಂತೆ ಕಂಡರೂ ಒಂದು ಬದಿಗೆ ಇರುವುದು ಒಂದೇ ಗೆರೆ, ಅದು ಅಂಚಿನಿಂದ ಒಳಕ್ಕೆ ಸುರುಳಿಯಾಗಿ ಸಾಗುತ್ತದೆ ಎಂದು ತೋರಿಸಿಕೊಟ್ಟನು. ನಮ್ಮ ಬಾಲ್ಯದಲ್ಲಿ ಮಠದ ಕಾರ್ಯಾಲಯದಲ್ಲಿದ್ದ ಕೀಲಿ ತಿರುಗಿಸುವ ಗ್ರಾಮಾಫೋನಿನ ‘ಪ್ಲೇಟು’ಗಳು ನಿಮಿಷಕ್ಕೆ 78 ಸುತ್ತಿನವು, ಮೂರು ನಿಮಿಷಕ್ಕೆ ಮುಗಿದುಹೋಗುವಂಥವು. ಅವು ನಮ್ಮ ದೇಶದ ಕಾಡಿನ ಅರಗಿನಿಂದಲೇ ಆದವು. ಪ್ಲಾಸ್ಟಿಕ್ಕಿನ ದೊಡ್ಡ ತಟ್ಟೆ 1948ರಲ್ಲಿ ಬಂದಿತು. ನಿಮಿಷಕ್ಕೆ ಮೂವತ್ತಮೂರೂ ಕಾಲು ಮಿಕ್ಕಿ ಸುತ್ತು, ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಮೂರು ನಿಮಿಷದಲ್ಲಿ ಹಾಡು ಹಿಡಿಯಬಹುದು, ಆಲಾಪ ಹಿಡಿಯಲಾಗದು. ತಟ್ಟೆ ದೊಡ್ಡದಾದ ಮೇಲೆ ಪಶ್ಚಿಮದ ಹುಡುಗರಿಗೂ ಆಲಾಪದ ಆಸೆ ಹುಟ್ಟಿತೆಂದು ಅವನ ವಿವರಣೆ.

‘ಸೈಕೆಡೆಲಿಕ್’ ಎಂಬ ಪದವನ್ನು ಮನೋವೈದ್ಯ ಹಂಫ್ರಿ ಆಸ್ಮಂಡ್ ಎಂಬವರು ಲೇಖಕ ಆಲ್ಡಸ್ ಹಕ್ಸ್‌ಲಿಯವರಿಗೆ 1956ರಲ್ಲಿ ಬರೆದ ಪತ್ರದಲ್ಲಿ ಟಂಕಿಸಿದರು. ಮನಸ್ಸು, ಪ್ರಕಟವಾಗು ಎಂಬರ್ಥದ ಎರಡು ಗ್ರೀಕ್ ಧಾತುಗಳ ಸಮಾಸವದು. ಪದ ಸುಂದರವಾಗಿದೆ, ಅದು ಹುಟ್ಟಿದ್ದು ಮಾತ್ರ ಒಂದು ರಸಾಯನವನ್ನು ಹೆಸರಿಸುವುದಕ್ಕೆ. ಎಲ್.ಎಸ್.ಡಿ. ಎಂಬ ಆ ವಸ್ತುವನ್ನು ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಮೊದಲು ತಯಾರಿಸಿದರು. ಅದು ಚಿತ್ತವನ್ನು ಕದಡುವ ಗುಣವುಳ್ಳದ್ದೆಂದು ತಿಳಿದದ್ದು 1943ರಲ್ಲಿ. 1960ರ ದಶಕದ ಮಧ್ಯದಲ್ಲಿ ಅಮೆರಿಕ, ಇಂಗ್ಲೆಂಡುಗಳ ಯುವಕರು ಅದರ ಬೆನ್ನು ಬಿದ್ದರು. ಕ್ಯಾಲಿಫೋರ್ನಿಯಾ ರಾಜ್ಯ 1966ರಲ್ಲಿ ಅದನ್ನು ನಿಷೇಧಿಸಿತು. ಆ ಕಾಲದ ಸಂಗೀತಕ್ಕೂ ಅದೇ ಹೆಸರು ಅಂಟಿಕೊಂಡಿತು. ತಂದೆಯ ಭಯಕ್ಕೆ ಆಧಾರವಿಲ್ಲವೆಂದು ಹೇಳುವಂತಿರಲಿಲ್ಲ.

ನಾವು ಸುತ್ತುಬಳಸಲಿಲ್ಲ. “ಆ ವಸ್ತು ನೀ ತಗೋತೀಯೇನು?” ಎಂದು ನೇರವಾಗಿಯೇ ಕೇಳಿದೆವು.

“ಕಾಲೇಜಿನಾಗ ಒಮ್ಮೆ, ಅಜ್ಜಾರ. ಆಮೇಲೆ ಇಲ್ಲ. ನನಗ ತಟ್ಟೀನ ಸಾಕು,” ಎಂದನು. ಕಣ್ಣು ತಗ್ಗಿಸದೆ ಹೇಳಿದ ಮಾತು. ನಾವು ನಂಬಿದೆವು.

ಮತ್ತು ಹಾಗೆಯೇ ಅಂದ ಇನ್ನೊಬ್ಬರನ್ನು ಅವನೇ ಹೆಸರಿಸಿದನು. ಬೀಟಲ್ಸ್ ಮೇಳದ ಜಾರ್ಜ್ ಹ್ಯಾರಿಸನ್ 1967ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆ ಪ್ರಸಿದ್ಧ ಬೀದಿಗೆ ಹೋಗಿ, ಅಲ್ಲಿ ಅಮಲಿನಲ್ಲಿ ಬಿದ್ದಿದ್ದ ಹುಡುಗರನ್ನು ಕಂಡು ಜುಗುಪ್ಸೆಗೊಂಡು ಆ ರಸಾಯನದಿಂದ ದೂರ ಸರಿದರು. ಅವರ ಗುರು ರವಿಶಂಕರರು ಮೊದಲಿನಿಂದಲೂ ತಮ್ಮ ಸಂಗೀತಕ್ಕೆ ಅಮಲನ್ನು ಗಂಟುಹಾಕುವುದನ್ನು ಬಹಿರಂಗವಾಗಿಯೇ ವಿರೋಧಿಸಿದವರು. 1967ರ ಜೂನ್‌ನಲ್ಲಿ ಮಾಂಟೆರಿಯ ಸಂಗೀತೋತ್ಸವದಲ್ಲಿ ಒಬ್ಬ ವಾದಕ ತನ್ನ ಗಿಟಾರಿಗೆ ಬೆಂಕಿ ಹಚ್ಚಿದ್ದು ರವಿಶಂಕರರಿಗೆ ಸಹಿಸಲಾಗಲಿಲ್ಲ. ತಂಬೂರಿಗೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಾಡಿನವರಿಗೆ ಹೇಗೆ ಸಹ್ಯವಾದೀತು? ಅಮಲಿನ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ: ಶಿವಯೋಗದಲ್ಲಿ ಎಚ್ಚರವೇ ಮೊದಲ ಮೆಟ್ಟಿಲು, ಎಚ್ಚರ ಕೆಡಿಸಿಕೊಂಡು ಕಂಡದ್ದನ್ನು ಕಾಣ್ಕೆ ಎನ್ನುವುದು ಸಲ್ಲದು. ಆದರೆ ಎಚ್ಚರ ತಪ್ಪಿದವರು ಮಾಡಿದ ಹಾಡನ್ನು ಎಚ್ಚರವಿದ್ದು ಕೇಳುವುದು ಬೇರೆ ಮಾತು ಎಂಬ ಅವನ ವಾದವನ್ನು ಒಪ್ಪದೆ ಇರಲು ನಮಗೆ ಕಾರಣ ಸಿಗಲಿಲ್ಲ.

ಕೇಳಿದೆವು ಸಹ. 1966ರ ‘ರಿವಾಲ್ವರ್’ ಎಂಬ ತಟ್ಟೆ. ಅವನಲ್ಲಿದ್ದ ಪ್ರತಿ ನಮ್ಮ ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಅಚ್ಚಾದದ್ದು. ಅದರ ಕೊನೆಯ ಹಾಡು ತಂಬೂರಿಯ ಶ್ರುತಿಯಿಂದ ಆರಂಭವಾಗುತ್ತದೆ. ಉದ್ದಕ್ಕೂ ಒಂದೇ ಷಡ್ಜವನ್ನು ಬಿಡದೆ ಹಿಡಿದಿದೆ. ಮೇಲೆ ಹಕ್ಕಿಗಳ ಚೀರಾಟದಂತಹ ಸದ್ದುಗಳು, ಮುದ್ರಿಸಿದ ಪಟ್ಟಿಗಳನ್ನು ಉಲ್ಟಾ ಓಡಿಸಿ, ಸುತ್ತುಹಾಕಿ ಮಾಡಿದಂಥವು. ನಮಗೆ ಅದು ಸಂತೆಯ ಗದ್ದಲದ ನಡುವೆ ಕುಳಿತ ಒಬ್ಬ ಏಕತಾರಿಯವನಂತೆ ಕೇಳಿಸಿತು. ಎರಡನೆಯ ಸಲ ಹಾಕು ಎಂದೆವು. ಬೇರೆ ಕೆಲವು ತಟ್ಟೆಗಳನ್ನು ಎರಡನೆಯ ಸಲ ಹಾಕೆನ್ನುವ ಧೈರ್ಯವಾಗಲಿಲ್ಲವೆಂಬುದನ್ನೂ ಹೇಳಿಬಿಡುತ್ತೇವೆ.

ಇನ್ನು ಅವನ ಕಲೆ. ಇದು ನಾಟಕವಲ್ಲ: ಪಾತ್ರವಿಲ್ಲ, ಕಥೆಯಿಲ್ಲ, ಬಣ್ಣ ಹಚ್ಚುವುದಿಲ್ಲ. ತನ್ನ ದೇಹ, ಒಂದು ಕೆಲಸ, ಒಂದಷ್ಟು ಕಾಲ, ಇವಿಷ್ಟೇ ಸಾಮಗ್ರಿ. ಇದರ ಹಿರಿಯರಲ್ಲಿ ಒಬ್ಬರೆಂದು ಅವನು ತೋರಿಸಿದ್ದು ತೇಚಿಂಗ್ ಶೇ ಎಂಬವರನ್ನು. ತೈವಾನಿನಲ್ಲಿ 1950ರಲ್ಲಿ ಹುಟ್ಟಿ, ನಾವಿಕನಾಗಿ ಬಂದು 1974ರಲ್ಲಿ ಹಡಗು ಬಿಟ್ಟು ಅಮೆರಿಕದ ನೆಲಕ್ಕೆ ಇಳಿದು, ನ್ಯೂಯಾರ್ಕಿನ ಹೋಟೆಲುಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಬದುಕಿದವರು. 1978ರ ಸೆಪ್ಟೆಂಬರ್‌ನಿಂದ ಒಂದು ವರ್ಷ ತಮ್ಮ ಕೋಣೆಯೊಳಗೇ ಮರದ ಪಂಜರವೊಂದನ್ನು ಕಟ್ಟಿಕೊಂಡು ಒಳಗೆ ಕುಳಿತರು. ಮಾತಿಲ್ಲ, ಓದಿಲ್ಲ, ಬರಹವಿಲ್ಲ, ರೇಡಿಯೋ ಇಲ್ಲ. ಅನಂತರ 1980ರ ಏಪ್ರಿಲ್ 11ರಿಂದ ಇನ್ನೊಂದು ವರ್ಷ: ಕಾರ್ಖಾನೆಗಳಲ್ಲಿ ಹಾಜರಿ ಒತ್ತುವ ಗಡಿಯಾರವನ್ನು ಕೋಣೆಯಲ್ಲಿಟ್ಟುಕೊಂಡು ಹಗಲು ರಾತ್ರಿ ಪ್ರತಿ ಗಂಟೆಗೆ ಸರಿಯಾಗಿ ಚೀಟಿ ಒತ್ತಿದರು. ವರ್ಷಕ್ಕೆ 8,760 ಗಂಟೆ. ತಪ್ಪಿದ್ದು 133 ಸಲ ಮಾತ್ರ. ಆರಂಭದಲ್ಲಿ ತಲೆ ಬೋಳಿಸಿಕೊಂಡಿದ್ದರು. ಪ್ರತಿ ಒತ್ತಿಗೂ ಒಂದು ಚಿತ್ರ ತೆಗೆದು ಪೋಣಿಸಿದಾಗ ಆರು ನಿಮಿಷದಲ್ಲಿ ಕೂದಲು ಹೆಗಲಿಗಿಳಿಯುವುದು ಕಾಣುತ್ತದೆ.

ಪಂಜರದ ಸಂಗತಿ ನಮಗೆ ಅಪರಿಚಿತವೆನಿಸಲಿಲ್ಲ. ನಮ್ಮ ಮಠದ ಹಿರಿಯ ಶ್ರೀಗಳು ಮೌನಾನುಷ್ಠಾನಕ್ಕೆ ಕುಳಿತಾಗ ಬಾಗಿಲಲ್ಲಿ ಹಾಲಿನ ತಂಬಿಗೆಯನ್ನಿಟ್ಟು ಬರುವ ಸೇವೆ ಬಾಲಕರಾದ ನಮ್ಮದಾಗಿತ್ತು. ಆ ಪಂಜರದವರಿಗೂ ದಿನವೂ ಊಟ ತಂದಿಟ್ಟು, ಮಲಮೂತ್ರದ ಪಾತ್ರೆಯನ್ನು ಒಯ್ದವನು ಒಬ್ಬ ಗೆಳೆಯನಂತೆ. ಆ ಗೆಳೆಯನ ವ್ರತವೂ ಒಂದು ವರ್ಷದ್ದೇ ಅಲ್ಲವೇ ಎಂದೆವು. ಹುಡುಗ ಬಹಳ ಹೊತ್ತು ಸುಮ್ಮನಿದ್ದನು. ಗಂಟೆ ಒತ್ತುವುದು ಮಾತ್ರ ನಮ್ಮ ಮನಸ್ಸಿಗೆ ಒಗ್ಗಲಿಲ್ಲ. ಕಾಯಕವೆಂದರೆ ಅದರಿಂದ ಏನಾದರೂ ಹುಟ್ಟಿ ಇನ್ನೊಬ್ಬರ ಪ್ರಸಾದವಾಗಬೇಕು; ನುಲಿಯ ಚಂದಯ್ಯನವರು ಹಗ್ಗ ಹೊಸೆದರೆ ಹಗ್ಗವಾದರೂ ಉಳಿಯುತ್ತಿತ್ತು ಎಂದೆವು. “ಅಂವ ಹೋಟೆಲಿನಾಗ ದುಡದಾಗ ಅವನ ಕೈಯಾಗ ಏನ ಉಳಿತಿತ್ತ್ರಿ? ಹಾಜರಿ ಚೀಟಿ ಅಷ್ಟ,” ಎಂದನು. ಈ ಉತ್ತರಕ್ಕೆ ಪ್ರತ್ಯುತ್ತರವುಂಟು. ಆದರೆ ಅದನ್ನು ಪಾತ್ರೆ ತೊಳೆಯದ ನಮ್ಮಂಥವರು ಹೇಳುವುದಲ್ಲ.

ಹಗ್ಗದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿದನು. 1983ರ ಜುಲೈ 4ರಿಂದ ಒಂದು ವರ್ಷ ಅದೇ ಶೇಯವರು ಲಿಂಡಾ ಮೊಂಟಾನೊ ಎಂಬ ಕಲಾವಿದೆಯೊಡನೆ ಎಂಟು ಅಡಿ ಹಗ್ಗದಿಂದ ಸೊಂಟಕ್ಕೆ ಸೊಂಟ ಕಟ್ಟಿಕೊಂಡು, ಒಬ್ಬರನ್ನೊಬ್ಬರು ಮುಟ್ಟದೆ ಬದುಕಿದರು. ಸಂಸಾರಿಗಳು ಇದನ್ನೇನು ಮಹಾ ಎನ್ನಬಹುದು! ಆ ಮೊಂಟಾನೊ ತಾರುಣ್ಯದಲ್ಲಿ ಎರಡು ವರ್ಷ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿದ್ದವರು. 1984ರಿಂದ 1998ರವರೆಗೆ ಹದಿನಾಲ್ಕು ವರ್ಷ ಅವರು ಯೋಗಶಾಸ್ತ್ರದ ಏಳು ಚಕ್ರಗಳನ್ನು ಒಂದೊಂದಾಗಿ ಹಿಡಿದು, ಆಯಾ ವರ್ಷ ಆಯಾ ಚಕ್ರದ ಬಣ್ಣದ ಉಡುಪನ್ನೇ ಉಟ್ಟು, ಒಂದೇ ಸ್ವರವನ್ನು ಕೇಳುತ್ತ ಬಾಳಿದರು. ನಮ್ಮ ಶಾಸ್ತ್ರದಲ್ಲಿ ಚಕ್ರಗಳು ಆರೋಹಣದ ಮೆಟ್ಟಿಲುಗಳೇ ಹೊರತು ಪಂಚಾಂಗದ ಪುಟಗಳಲ್ಲ. ಈ ಡಿಸೆಂಬರಿಗೆ ಮುಗಿಯಿತು, ಮುಂದಿನದಕ್ಕೆ ನಡೆ ಎನ್ನಲಾಗದು. ಆದರೂ ಹದಿನಾಲ್ಕು ವರ್ಷ ಒಂದು ಮಾತಿಗೆ ನಿಂತ ಆ ತಾಯಿಯನ್ನು ಹಗುರವಾಗಿ ಕಾಣಲು, ನಿತ್ಯಪೂಜೆಯನ್ನೂ ಪ್ರವಾಸದ ನೆಪದಲ್ಲಿ ಬಿಡುವ ನಮ್ಮ ಇಂದಿನ ಪೀಳಿಗೆಗೆ ಅಧಿಕಾರವಿಲ್ಲ.

ನಾಲ್ಕನೆಯ ದಿನ ಹುಡುಗ ಮೂಲೆಯಲ್ಲಿದ್ದ ಬಟ್ಟೆಯನ್ನು ಸರಿಸಿದನು. ಕೆಳಗೆ ಅದೇ ಬೀಸುಕಲ್ಲು! ಅಜ್ಜಿ ತೀರಿಕೊಂಡ ಮೇಲೆ ಅವನ ತಾಯಿ ಒಂದು ಸಲದ ಪ್ರಯಾಣದಲ್ಲಿ ಮೇಲ್ಗಲ್ಲನ್ನೂ ಇನ್ನೊಂದು ಸಲ ಕೆಳಗಲ್ಲನ್ನೂ ಪೆಟ್ಟಿಗೆಯಲ್ಲಿಟ್ಟು, ಸೀರೆಗಳನ್ನು ಸುತ್ತಿ ವಿಮಾನದಲ್ಲಿ ತಂದಿದ್ದರು. ಬರುವ ಶನಿವಾರ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ, ಬಾಡಿಗೆಯ ಸಣ್ಣ ಸಭಾಂಗಣದಲ್ಲಿ ಜನರೆದುರು ಅವನು ಜೋಳ ಬೀಸುವವನಿದ್ದನು. ಪಕ್ಕದಲ್ಲಿ ಟೆರಿ ರೈಲಿಯವರ 1969ರ ತಟ್ಟೆಯೊಂದು ತಿರುಗುತ್ತಿರುತ್ತದೆ. ತಂದೆಗೆ ಇದು ಗೊತ್ತಾಗಿಯೇ ನಮ್ಮಲ್ಲಿ ಮಾತು ಹೇಳಿಸಲು ಹೊರಟಿದ್ದರೆಂಬುದು ಆಗ ತಿಳಿಯಿತು.

“ಈ ಕಲ್ಲು ಯಾಕಪ್ಪಾ?” ಎಂದು ಕೇಳಿದೆವು.

“ಅಜ್ಜಿ ಬೀಸೂದು ಯಾರೂ ಕುಂತು ನೋಡಿಲ್ಲಂತ ಅವ್ವ ಹೇಳತಾಳ್ರಿ. ಎಲ್ಲಾರೂ ಮಲಗಿರತಿದ್ರಂತ. ಒಂದ ರಾತ್ರಿ ಜನ ಎಚ್ಚರಿದ್ದು ನೋಡ್ಲಿ ಅಂತ.”

ಆದರೆ ಅದು ಮನೆಯ ಜೋಳವೆಂದೇ ಅವನು ತಿಳಿದಿದ್ದನು. ಕೂಲಿಗೆ ಬೀಸಿದ್ದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ತಂದೆ ತಮ್ಮ ತಾಯಿ ಬಹಳ ಕಷ್ಟಪಟ್ಟರೆಂದಷ್ಟೇ ಹೇಳಿ ಮುಗಿಸಿದ್ದರು. ನಾಚಿಕೆಯೋ ನೋವೋ, ಹೆಸರಿಡುವುದು ಬೇಡ. ನಾವು ಕಂಡದ್ದನ್ನು ಹೇಳಿದೆವು: ಮೂರು ಗಂಟೆಯ ಸದ್ದು, ಬೊಬ್ಬೆಯೆದ್ದು ಒಡೆದು ಕಲ್ಲಿನಂತಾಗಿದ್ದ ಆ ಅಂಗೈ, ಪರರ ಮನೆಗೆ ಹಿಟ್ಟನ್ನು ಹೊತ್ತೊಯ್ದು ಕೊಟ್ಟು ಸೆರಗಿನಲ್ಲಿ ಕೂಲಿಯ ಕಾಳನ್ನು ಕಟ್ಟಿಕೊಂಡು ಬರುತ್ತಿದ್ದುದು. “ಆ ಕಲ್ಲಿನಿಂದ ಮಗನ ಬಿಡಿಸಬೇಕಂತ ಆಕಿ ಬೀಸಿದಳು. ಮೊಮ್ಮಗ ತಿರುಗಿ ಅದರ ಮುಂದ ಕುಂತರ ನಿಮ್ಮಪ್ಪಗ ಹೆಂಗ ಅನಸಬೇಕು?” ಎಂದೂ ಕೇಳಿದೆವು. ತಂದೆ ನಮಗೆ ಒಪ್ಪಿಸಿದ್ದ ಮಾತು ಇದೇ ಆಗಿತ್ತು; ಒಪ್ಪಿಸಿಬಿಟ್ಟೆವು.

ಹುಡುಗನ ಮುಖ ಬಿಳಿಚಿತು. “ಹಂಗಾದ್ರ ಬಿಟ್ಟಬಿಡ್ಲೇನ್ರಿ?” ಎಂದನು. ಅದನ್ನು ನಮ್ಮನ್ನಲ್ಲ, ನಿಮ್ಮ ತಂದೆಯನ್ನು ಕೇಳು ಎಂದೆವು. ನಮ್ಮೆದುರಿಗೇ ದೂರವಾಣಿ ಮಾಡಿದನು. ಆ ಕಡೆಯಿಂದ “ನಿನ್ನ ಇಚ್ಛಾ” ಎಂಬ ಎರಡು ಮಾತು ಬಂದು, ಸಂಪರ್ಕ ಕಡಿಯಿತು.

ಮರುದಿನ ರವಿವಾರ. ತಾಯಿಯ ಒತ್ತಾಯಕ್ಕೆ ಅವನು ನಮ್ಮನ್ನು ಬಿಡಲು ಮನೆಗೆ ಬಂದವನು, ಕೈಪೆಟ್ಟಿಗೆಯಂತಹ ತನ್ನ ರೆಕಾರ್ಡ್ ಪ್ಲೇಯರನ್ನೂ ಕೆಲವು ತಟ್ಟೆಗಳನ್ನೂ ತಂದಿದ್ದನು. ಊಟವಾದ ಮೇಲೆ ಕೆಳಗಿನ ಕೋಣೆಯಲ್ಲಿ ನಮಗಾಗಿ ಒಂದನ್ನು ಹಾಕಿದನು. ಪಂಡಿತ ಪ್ರಾಣನಾಥರ ಯಮನ್ ಕಲ್ಯಾಣ, 1972ರಲ್ಲಿ ಪ್ಯಾರಿಸಿನಲ್ಲಿ ಹೊರಬಂದದ್ದು. ಸ್ವರವೊಂದನ್ನು ಹಿಡಿದರೆ ಅದರಲ್ಲಿಯೇ ನಿಂತುಬಿಡುವ ನಿಧಾನ. ಹತ್ತು ನಿಮಿಷವಾಗಿರಬಹುದು, ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಮಗ ಬಂದರೆ ಮಹಡಿ ಬಿಟ್ಟಿಳಿಯದ ತಂದೆ ಬಾಗಿಲಲ್ಲಿ ನಿಂತಿದ್ದರು.

“ಯಾರು ಹಾಡಾಕತ್ತಾರ ಇದು? ಕಿರಾಣಾದವರ ಇರಬೇಕಲ್ಲಾ?”

ಅವರ ಕಿವಿ ತಪ್ಪಿರಲಿಲ್ಲ. ಪ್ರಸಾದ ನಿಲಯದ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿಯಿಂದ ಗಂಗೂಬಾಯಿ ಹಾನಗಲ್ಲರನ್ನು ಕೇಳಿ ಬೆಳೆದ ಕಿವಿ. ಪ್ರಾಣನಾಥರು 1918ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು. ಸಂಗೀತಕ್ಕೆ ಮನೆಯವರ ವಿರೋಧವಾದುದರಿಂದ ಹದಿಮೂರನೆಯ ವಯಸ್ಸಿಗೆ ಮನೆ ಬಿಟ್ಟು, ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರಲ್ಲಿ ಸೇವಕನಾಗಿದ್ದು ಶಿಷ್ಯರಾದವರು. ಡೆಹರಾಡೂನಿನ ಟಪಕೇಶ್ವರದ ಶಿವನ ಗುಹೆಯಲ್ಲಿ ವರ್ಷಗಟ್ಟಲೆ ಒಬ್ಬರೇ ಹಾಡಿಕೊಂಡಿದ್ದರು. ಆ ವಹೀದ್ ಖಾನರ ಬಂಧುಗಳೇ ಅಬ್ದುಲ್ ಕರೀಂ ಖಾನರು. ಅವರ ಶಿಷ್ಯರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿಯವರು, ಭೀಮಸೇನರು. ಒಂದೇ ಬಳ್ಳಿಯ ಒಂದು ಕುಡಿ ಧಾರವಾಡದ ಕಡೆ ಹಬ್ಬಿದರೆ ಇನ್ನೊಂದು 1970ರಲ್ಲಿ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ಅವರ ಶಿಷ್ಯರಾದವರು ಲಾ ಮಾಂಟೆ ಯಂಗ್, 2024ರಲ್ಲಿ ತೀರಿಕೊಂಡ ಅವರ ಪತ್ನಿ ಮರಿಯನ್ ಜಜೀಲಾ, ಮತ್ತು ಹುಡುಗನ ಪ್ರೀತಿಯ ಟೆರಿ ರೈಲಿ. ಯಂಗ್ ಅವರು 1960ರಲ್ಲಿ ಎರಡೇ ಸ್ವರಗಳನ್ನು ಬರೆದು ಇವನ್ನು ಬಹುಕಾಲ ಹಿಡಿಯಬೇಕೆಂಬ ಸೂಚನೆಯನ್ನಷ್ಟೇ ಕೊಟ್ಟು ಅದನ್ನೇ ಒಂದು ಕೃತಿ ಎಂದವರು. ರೈಲಿಯವರು ಇಡೀ ರಾತ್ರಿ ಒಬ್ಬರೇ ನುಡಿಸಿ ಜನರನ್ನು ಬೆಳಗಿನವರೆಗೆ ಕೂಡಿಸಿದವರು. ಪ್ರಾಣನಾಥರು 1996ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಳ್ಳುವವರೆಗೂ ರೈಲಿಯವರು ಅವರ ಶಿಷ್ಯತ್ವವನ್ನು ಬಿಡಲಿಲ್ಲ.

ಇದನ್ನೆಲ್ಲ ಹುಡುಗ ತಡವರಿಸುವ ಕನ್ನಡದಲ್ಲಿ ತಂದೆಗೆ ಹೇಳುತ್ತಿದ್ದನು. ಅವರು ನಿಂತೇ ಕೇಳಿದರು, ಕುಳಿತುಕೊಳ್ಳಲಿಲ್ಲ. ತಟ್ಟೆ ಮುಗಿದ ಮೇಲೆ “ಸ್ವರ ಭಾಳ ಛಲೋ ಹಚ್ಚತಾರ” ಎಂದು ಹೇಳಿ ಮೇಲೆ ಹೋದರು. ಕಲ್ಲಿನ ಮಾತು ಬರಲಿಲ್ಲ.

ಶನಿವಾರ ರಾತ್ರಿ ನಾವು ಹೋದೆವು. ಅರವತ್ತೈದು ದಾಟಿದವರು ರಾತ್ರಿಯಿಡೀ ಕೂಡುವುದುಂಟೇ ಎಂದು ಮನೆಯಾಕೆ ತಡೆದರು. ಶಿವರಾತ್ರಿಯ ಜಾಗರಣೆ ರೂಢಿಯಿದೆ ಎಂದು ಸಮಾಧಾನ ಹೇಳಿದೆವು. ಬೆಳಗಿನ ಜಾವ ಕಾರು ತಂದು ಕರೆದೊಯ್ಯುವುದು ಗೃಹಸ್ಥರ ಪಾಲಿಗೆ ಬಂದಿತು. ಸಭಾಂಗಣದಲ್ಲಿ ಇಪ್ಪತ್ತೊಂದು ಜನ. ನೆಲದ ಮೇಲೆ ಬಿಳಿಯ ಬಟ್ಟೆ, ನಡುವೆ ಕಲ್ಲು, ಪಕ್ಕದಲ್ಲಿ ಬುಟ್ಟಿಯಲ್ಲಿ ಜೋಳ. ಅದು ಕ್ಯಾನ್ಸಾಸ್ ರಾಜ್ಯದ ಜೋಳ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ಸೀಮೆಯದು. ಹುಡುಗ ಅಂಗಿಯ ಒಳಗಿನ ಲಿಂಗವನ್ನು ಮುಟ್ಟಿಕೊಂಡು ಕುಳಿತನು. ತಟ್ಟೆಯನ್ನು ತಂದಿದ್ದನು, ಹಾಕಲಿಲ್ಲ. ಅದು ಕೊನೆಯವರೆಗೂ ತನ್ನ ಲಕೋಟೆಯಲ್ಲಿಯೇ ಗೋಡೆಗೆ ಒರಗಿಕೊಂಡಿತ್ತು.

ಗರಗರ ಸದ್ದು ಆರಂಭವಾಯಿತು. ಒಂದು ಗಂಟೆಯವರೆಗೆ ಅದು ಸದ್ದು. ಆಮೇಲೆ ಅದರಲ್ಲೊಂದು ಶ್ರುತಿ ಕೇಳಿಸತೊಡಗಿತು. ಕಾಳು ಬಿದ್ದಾಗ ಏರುವುದು, ಹಿಟ್ಟು ಉದುರಿ ಕಲ್ಲು ಬರಿದಾದಾಗ ಇಳಿಯುವುದು. ನಮ್ಮ ಹೆಣ್ಣುಮಕ್ಕಳು ಬೀಸುವಾಗ ಪದ ಹೇಳುತ್ತಿದ್ದುದು ಬೇಸರ ಕಳೆಯುವುದಕ್ಕೆಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಬೇಸರವಷ್ಟೇ ಕಾರಣವಿರಲಾರದು, ತಂಬೂರಿ ನುಡಿಯುತ್ತಿರುವಾಗ ಗಾಯಕ ಸುಮ್ಮನಿರಲಾರ. ನಡುರಾತ್ರಿಯ ಹೊತ್ತಿಗೆ ಹುಡುಗ ಅಂಗೈಗೆ ಬಟ್ಟೆ ಸುತ್ತಿಕೊಂಡನು. ಎರಡು ಗಂಟೆಗೆ ಜನ ಅರ್ಧವಾದರು. ಕೆಲವರು ಗೋಡೆಗೊರಗಿ ನಿದ್ರಿಸಿದರು. ಅವನು ಕೈ ಬದಲಿಸುತ್ತಿದ್ದನು, ನಿಲ್ಲಿಸುತ್ತಿರಲಿಲ್ಲ.

ನಾಲ್ಕು ಗಂಟೆಯ ಸುಮಾರಿಗೆ ತಂದೆ ಬಂದರು. ಬಾಗಿಲಲ್ಲಿ ನಿಂತು ನಮಗೆ ಏಳಿರೆಂದು ಸನ್ನೆ ಮಾಡಿದರು. ನಾವು ಏಳಲಿಲ್ಲ. ಅವರ ದೃಷ್ಟಿ ಕಲ್ಲಿನ ಕಡೆಗೆ ಹೋಯಿತು. ಮಗ ದಣಿದಿದ್ದನು, ಕಾಳನ್ನು ಮುಷ್ಟಿಗಟ್ಟಲೆ ಸುರಿಯುತ್ತಿದ್ದುದರಿಂದ ನುಚ್ಚು ನುಚ್ಚಾಗಿ ಬೀಳುತ್ತಿತ್ತು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬೂಟು ಕಳಚಿಟ್ಟು ಬಿಳಿಯ ಬಟ್ಟೆಯ ಮೇಲೆ ಬಂದು ಕುಳಿತರು.

“ಹಂಗ ಸುರುವಬ್ಯ್ಡಾ. ಕಲ್ಲು ಕೇಳಿದಷ್ಟ ಹಾಕಬೇಕು. ಅವ್ವ ಬೀಸೂವಾಗ ನಾನ ಹಾಕತಿದ್ದೆ.”

ಐದು ಗಂಟೆಯವರೆಗೆ ಮಗ ಬೀಸಿದನು, ತಂದೆ ನಾಲ್ಕು ಬೆರಳಲ್ಲಿ ಕಾಳು ಬಿಟ್ಟರು. ಮತ್ತೆ ಮಾತಿಲ್ಲ. ಇದೂ ಕಲೆಯ ಭಾಗವೆಂದೇ ತಿಳಿದು, ನಮ್ಮ ಪಕ್ಕದಲ್ಲಿದ್ದ ಅಮೆರಿಕದ ತರುಣಿಯೊಬ್ಬಳು ಆ ಹಿರಿಯರು ಬಹಳ ಅನುಭವಿ ಕಲಾವಿದರಿರಬೇಕೆಂದು ಪಿಸುಗುಟ್ಟಿದಳು. ನಾವು ಹೌದೆಂದೆವು.

ಉಳಿದಿದ್ದ ಒಂಬತ್ತು ಜನ ಒಂದೊಂದು ಹಿಡಿ ಹಿಟ್ಟನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಹೋದರು. ಮಿಕ್ಕದ್ದನ್ನು ಮನೆಯಲ್ಲಿ ತೂಗಿದಾಗ ಮೂರು ಕಿಲೋಗೆ ಕಡಿಮೆ ಇತ್ತು. ಅವ್ವ ಕೋಳಿ ಕೂಗುವುದರೊಳಗೆ ಇದರ ಎರಡು ಪಟ್ಟು ಮುಗಿಸುತ್ತಿದ್ದಳು ಎಂದು ತಂದೆ ಹೇಳಿದರು, ಮಗ ತಲೆಯಾಡಿಸಿದನು. ಆ ಹಿಟ್ಟಿನ ರೊಟ್ಟಿ ಬಡಿಯುವಾಗ ಅಂಚು ಒಡೆಯಿತು, ಹಲ್ಲಿಗೆ ನುಚ್ಚು ಸಿಕ್ಕಿತು. ಎಲ್ಲರೂ ಎರಡೆರಡು ತಿಂದೆವು.

ಮಗನ ಬಾಳುವೆಯನ್ನು ಒಪ್ಪಿಕೊಂಡೆನೆಂದು ಆ ತಂದೆ ನಮಗೆ ಇಂದಿನವರೆಗೆ ಹೇಳಿಲ್ಲ. ಮದುವೆಯ ಮಾತನ್ನೂ ಬಿಟ್ಟಿಲ್ಲ. ಆ ವರ್ಷದ ದೀಪಾವಳಿಗೆ ದೂರವಾಣಿ ಮಾಡಿದಾಗ, ಕುಶಲವೆಲ್ಲ ಕೇಳಿಯಾದ ಮೇಲೆ, ಕಲ್ಲು ಸವೆದಿದೆ, ಮತ್ತೆ ಕಟೆದು ಒರಟು ಮಾಡಬೇಕು, ಅಲ್ಲಿ ಅದನ್ನು ಬಲ್ಲವರು ಯಾರೂ ಇಲ್ಲ, ತಾವೇ ಕೈಯಾರೆ ನೋಡುವುದಾಗಿ, ಊರಿನ ಕಡೆಯ ಉಳಿಯೊಂದು ಸಿಕ್ಕೀತೇ ಎಂದು ಕೇಳಿದರು. ಬೀಸುಕಲ್ಲು ಕಟೆಯುತ್ತಿದ್ದ ವೃದ್ಧರೊಬ್ಬರನ್ನು ಹುಡುಕಿ, ಅವರ ಬಳಿಯಿದ್ದ ಎರಡು ಉಳಿಗಳಲ್ಲಿ ಚಿಕ್ಕದನ್ನು ಪಡೆದು, ಆ ಕಡೆ ಹೊರಟಿದ್ದ ಭಕ್ತರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿದೆವು.